ಮೊದಲ ಮೀನು ತಂಗಿಯ ಮನೆಗೆ

ನಾವುಂದ
12 ಜೂನ್ 2022

ತಂಗಿ ಜಲಜ,

ನಾನು, ನಿನ್ನ ಅತ್ತಿಗೆ ಗುಲಾಬಿ, ಬಾಗಿಲಲ್ಲಿ ಮಲಗುವ ಮುದಿ ನಾಯಿ, ಮೂವರೂ ಉಂಡುಕೊಂಡು ಸುಖವಾಗಿದ್ದೇವೆ. ಡೊಂಬಿವಲಿಯಲ್ಲಿ ನೀನು, ಭೋಜರಾಜ ಭಾವ, ಮೋಕ್ಷಿತಾ ಎಲ್ಲ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ.

ಮೊದಲ ಮಳೆ ಬಿದ್ದು ಹೊಳೆಗೆ ಹೊಸನೀರು ಬಂತು ಮಾರಾಯ್ತಿ! ಮೊನ್ನೆ ಮಧ್ಯಾಹ್ನ ಉಂಡು ಮಲಗಿದ್ದೆ. ದೋಣಿ ಇಂಜಿನು ತಿಂದ ಕಿವಿ ನನ್ನದು, ಮಳೆಯ ಸದ್ದು ಎಲ್ಲಿ ಕೇಳಬೇಕು? ಗುಲಾಬಿ ಬಂದು ಕಿವಿಯ ಹತ್ತಿರವೇ ಬೊಬ್ಬೆ ಹೊಡೆದಳು. "ಹ್ವಾಯ್, ಏಳಿ! ಊರಿಗ್ ಊರೇ ಹೊಳಿಗ್ ಇಳ್ದಿತ್ತ್, ನೀವ್ ಗೊರ್ಕಿ ಹೊಡಿತ್ರಿ!" ಬುಟ್ಟಿ ಹಿಡಿದು ಓಡಿದೆ.

ಏನು ಹೇಳಲಿ. ಅಪ್ಪಯ್ಯನ ಕಾಲದಲ್ಲೂ ಇಷ್ಟು ಮೀನು ಏರಿದ್ದು ನಾನು ಕಂಡಿಲ್ಲ. ನಾವು ಚಿಕ್ಕವರಿದ್ದಾಗ ಗದ್ದೆಯಂಚಿನ ಸಣ್ಣ ನೀರಲ್ಲಿ ಒಂದು ಕಾಣಿ ಮೀನು ಹಿಡಿಯಲು ಎಷ್ಟು ಸಲ ಬೀಳುತ್ತಿದ್ದೆವು, ನೆನಪಿದೆಯಾ? ಈ ಸಲ ಅವೇ ಕಾಲ ಬುಡಕ್ಕೆ ಬಂದವು. ಕೈಯಲ್ಲಿ ಎತ್ತಿದರೂ ಒದ್ದಾಡಲಿಲ್ಲ. ಏಡಿ ಕೂಡ ದಡ ಹತ್ತಿ ಕೂತಿದ್ದವು. ಮಕ್ಕಳು, ಮುದುಕರು, ಎಲ್ಲರೂ ಬುಟ್ಟಿ ತುಂಬಿಸಿಕೊಂಡು ಕೇಕೆ ಹಾಕಿದರು.

ಅಪ್ಪಯ್ಯ ಹೇಳಿದ ಮಾತು ನಾನು ತಪ್ಪಿಸಿಲ್ಲ. ಹೊಸನೀರಿನ ಮೊದಲ ಮೀನು ಕೊಟ್ಟ ಹೆಣ್ಣಿನ ಮನೆಗೆ. ಉಪ್ಪು ಹಾಕಿ ಒಲೆಯ ಮೇಲೆ ಒಣಗಿಸಿ, ನಿಮ್ಮ ಕಡೆಗೆ ಬಸ್ಸು ಓಡಿಸುವ ಚಂದಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಡಬ್ಬಿ ವಾಪಸು ಕಳಿಸು.

ನಿನ್ನ ಅಣ್ಣ
ನಾಗ


ಡೊಂಬಿವಲಿ
3 ಜುಲೈ 2022

ಅಣ್ಣ,

ಡಬ್ಬಿ ಕೈಸೇರಿತು. ಮುಚ್ಚಳ ತೆಗೆದದ್ದೇ ತಡ, ಮೋಕ್ಷಿತಾ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದಳು. ಒಣಮೀನಿನ ವಾಸನೆಗೆ ಓಡುವ ಹುಡುಗಿ ಅಲ್ಲ ಅವಳು, ನನ್ನ ಮಗಳು. ನಾನೇ ಮೂಸಿ ನೋಡಿದೆ. ಸೀಮೆಎಣ್ಣೆಯ ಹಾಗೆ ಏನೋ ಒಂದು. ಬಿಸಿನೀರಲ್ಲಿ ತೊಳೆದು ಸಾರು ಮಾಡಿದೆ, ಆದರೂ ಹೋಗಲಿಲ್ಲ. ನಾಲಿಗೆ ಚುರುಚುರು ಎಂದಿತು. ನಿನ್ನ ಭಾವ ಒಂದು ತುತ್ತು ತಿಂದು, "ನಿನ್ ಅಣ್ಣ ಇಂಜಿನ್ ಆಯಿಲ್ ಡಬ್ಬಿಯೊಳ್ಗೆ ಹಾಕಿರ್ಕ್ ಕಾಂತ್" ಎಂದರು.

ನಿಜ ಹೇಳು, ಯಾವ ಡಬ್ಬಿಯಲ್ಲಿ ಹಾಕಿದ್ದೆ? ಅತ್ತಿಗೆ ಹತ್ತಿರ ಕೇಳಿದರೆ ಬೈಸಿಕೊಳ್ಳುತ್ತೀ ಅಂತ ಫೋನಿನಲ್ಲಿ ಕೇಳಲಿಲ್ಲ. ಬರುವ ವರ್ಷ ಹೊಸನೀರಿಗೆ ನಾನೇ ಬತ್ತೆ. ನನ್ನ ಕೈಯಲ್ಲೇ ಹಿಡಿದು ನನ್ನ ಕೈಯಲ್ಲೇ ಸಾರು ಮಾಡುತ್ತೇನೆ, ನಿನ್ನನ್ನು ನಂಬಿದರೆ ಆಗುವುದಿಲ್ಲ.

ಜಲಜ


ನಾವುಂದ
20 ಜುಲೈ 2022

ಜಲಜ,

ಡಬ್ಬಿ ತೊಳೆದದ್ದು ಗುಲಾಬಿ. ಮೀನು ಒಣಗಿಸಿದ್ದು ನಾನು, ಸೊಂಟ ಹಿಡಿದುಕೊಂಡು ಮೂರು ಹೊತ್ತು ಒಲೆಯ ಮುಂದೆ ಕೂತು. ಇಡೀ ಊರು ಅದೇ ಮೀನು ತಿಂದಿತು. ಒಂದಿಬ್ಬರಿಗೆ ಹೊಟ್ಟೆ ಕೆಟ್ಟದ್ದು ಹೌದು, ಹೊಸನೀರಿನಲ್ಲಿ ಅದು ಇದ್ದದ್ದೇ. ನಲ್ಲಿ ನೀರು ಕುಡಿದ ಮೂಗಿಗೆ ಹೊಳೆಯ ಮೀನು ನಾರುತ್ತದೆ ಅಂದರೆ ಇನ್ನು ಮೇಲೆ ಕಳಿಸುವುದಿಲ್ಲ ಬಿಡು.

ಡಬ್ಬಿಯೂ ಬೇಡ. ಅಲ್ಲೇ ಇಟ್ಟುಕೋ.

ನಾಗ


ಡೊಂಬಿವಲಿ
16 ಏಪ್ರಿಲ್ 2023

ಅಣ್ಣ,

ಒಂಬತ್ತು ತಿಂಗಳಾಯಿತು. ಇಷ್ಟು ಹೊತ್ತಿಗೆ ಹೊಟ್ಟೆಯ ಮಗು ಕೂಡ ಹೊರಗೆ ಬಂದಿರುತ್ತದೆ, ನಿನ್ನ ಸಿಟ್ಟು ಇನ್ನೂ ಹೊರಗೆ ಹೋಗಲಿಲ್ಲವಾ? ಅತ್ತಿಗೆ ಫೋನಿಗೆ ಸಿಕ್ಕರೂ ಬರೀ ಊಟ ಆಯ್ತಾ, ತಿಂಡಿ ಆಯ್ತಾ. ನನಗೆ ನಿನ್ನ ಅಕ್ಷರ ಬೇಕು. ಸೋರೆಬಳ್ಳಿಯ ಹಾಗೆ ಮೇಲೆ ಕೆಳಗೆ ಹೋಗುವ ಆ ಅಕ್ಷರ.

ಈ ಜೂನಿನಲ್ಲಿ ಬರುತ್ತೇನೆ. ಗಟ್ಟಿ ಮಾಡಿಕೊಂಡಿದ್ದೇನೆ. ಸ್ವಲ್ಪ ಬಳಲಿಕೆ ಇದೆ, ಅದೇನೂ ದೊಡ್ಡದಲ್ಲ. ಈಗೀಗ ಯಾವುದು ತಿಂದರೂ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ. ಹೊಸನೀರಿನ ಸಾರು ಒಂದು ಕುಡಿದರೆ ಬಾಯಿ ಸರಿಯಾದೀತು ಅಂತ ಹುಚ್ಚು ಆಸೆ. ಕೂದಲು ಗಿಡ್ಡ ಮಾಡಿಸಿದ್ದೇನೆ, ನೋಡಿ ನಗಬೇಡ.

ಒಳಕೋಣೆಯಲ್ಲಿ ಮಲಗುತ್ತೇನೆ, ಅಮ್ಮ ಮಲಗುತ್ತಿದ್ದಲ್ಲಿ. ಬಾ ಅಂತ ಒಂದು ಮಾತು ಬರೆ.

ಜಲಜ


ನಾವುಂದ
10 ಮೇ 2023

ತಂಗಿ ಜಲಜ,

ಸಿಟ್ಟೂ ಇಲ್ಲ, ಎಂತದೂ ಇಲ್ಲ. ನೀನು ಹೇಳಿದ್ದೇ ಸರಿ, ಮೀನು ನಾರುತ್ತಿತ್ತು, ಆದರೆ ತಪ್ಪು ಡಬ್ಬಿಯದ್ದಲ್ಲ. ಮೇಲಿನ ಗುಡ್ಡೆಯಲ್ಲಿ ಹೊಸದಾಗಿ ಗೇರುಬೀಜದ ಫ್ಯಾಕ್ಟರಿ ಆಗಿದೆಯಲ್ಲ, ಸಿಪ್ಪೆಯನ್ನು ಅಂಗಳದಲ್ಲಿ ರಾಶಿ ಹಾಕುತ್ತಾರೆ. ಗೇರುಸಿಪ್ಪೆಯ ಸೊನೆ ಗೊತ್ತಲ್ಲ, ಸಣ್ಣವರಿದ್ದಾಗ ತುಟಿ ಸುಟ್ಟುಕೊಂಡಿದ್ದೆವು. ಮಳೆ ಬಿದ್ದರೆ ಅದು ಸ್ವಲ್ಪ ತೊಳೆದು ಹೊಳೆಗೆ ಇಳಿಯುತ್ತದೆ. ದೊಡ್ಡ ವಿಷಯ ಅಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿದ್ದೇನೆ. ಪರಿಸರ ಇಲಾಖೆಯ ಆಫೀಸಿಗೂ ಒಂದು ಅರ್ಜಿ ಹಾಕಿದ್ದೇನೆ. ಎಲ್ಲ ಸರಿಯಾಗುತ್ತದೆ.

ಆದರೆ ಈ ವರ್ಷ ಬೇಡ. ಒಳಕೋಣೆಯ ಮಾಡು ಸೋರುತ್ತದೆ. ಹಂಚು ಬದಲಾಯಿಸಬೇಕು, ಕೆಲಸದವರು ಸಿಗುತ್ತಿಲ್ಲ. ನೀನು ಬಂದು ಒದ್ದೆ ನೆಲದಲ್ಲಿ ಮಲಗುವುದು ಬೇಡ. ಬಪ್ಪ ವರ್ಷ ಬಾ, ಎಲ್ಲ ಚೆಂದ ಮಾಡಿಟ್ಟಿರುತ್ತೇನೆ.

ಬಾಯಿ ಕಬ್ಬಿಣ ಆಗುವುದು ಅಲ್ಲಿಯ ನೀರಿನಿಂದಲೇ ಇರಬೇಕು. ಕುದಿಸಿ ಕುಡಿ.

ನಾಗ


ಡೊಂಬಿವಲಿ
2 ಜೂನ್ 2023

ಅಣ್ಣ,

ಅಡ್ಡಿಲ್ಲ. ನೀರು ಕುದಿಸಿಯೇ ಕುಡಿಯುತ್ತೇನೆ.

ಮಾಡು ಸೋರುತ್ತದೆ ಅಂದೆಯಲ್ಲ, ನಿನ್ನೆ ಸ್ಟೇಶನ್ ಬದಿಗೆ ಹೋಗಿ ಒಂದು ಟರ್ಪಾಲು ತಂದೆ. ನೀಲಿ ಬಣ್ಣದ್ದು, ದಪ್ಪ. ಮೋಕ್ಷಿತಾ ನಗುತ್ತಾಳೆ, "ಅಮ್ಮ ಮಾವನ ಮನೆಗೆ ಸೀರೆ ತಕಂಡ್ ಹೋಪ್ದ್ ಬಿಟ್ಟು ಟರ್ಪಾಲ್ ತಕಂಡ್ ಹೋತಾಳೆ!" ನಗಲಿ. ಹಂಚು ಹಾಕಿಸಲು ಆಗದಿದ್ದರೆ ಅದನ್ನೇ ಮೇಲೆ ಕಟ್ಟಿ ಕೆಳಗೆ ಮಲಗುತ್ತೇನೆ. ಬರುವಾಗ ತರುತ್ತೇನೆ.

ಬಪ್ಪ ವರ್ಷ ಅಂದರೆ ಬಹಳ ದೂರ ಅಣ್ಣ. ಅಷ್ಟರವರೆಗೆ ಒಂದು ಉಪಕಾರ ಮಾಡು. ಹೊಸನೀರು ಬಂದ ದಿನ ಕೂತು ಬರೆದು ಕಳಿಸು. ಯಾವ ಮೀನು ಬಂತು, ಯಾರು ಬಿದ್ದರು, ಯಾರಿಗೆ ಏಡಿ ಕಚ್ಚಿತು, ಎಲ್ಲ. ಓದಿಕೊಂಡೇ ಉಣ್ಣುತ್ತೇನೆ.

ಜಲಜ


ನಾವುಂದ
18 ಜೂನ್ 2023

ತಂಗಿ ಜಲಜ,

ಕೇಳಿದೆಯಲ್ಲ, ಬರೆಯುತ್ತೇನೆ.

ಬೆಳಿಗ್ಗೆ ಮೋಡ ಕಪ್ಪಾಯಿತು. ಗುಲಾಬಿ ಗಂಜಿ ಬಡಿಸುತ್ತಿದ್ದವಳು ಸೌಟು ಬಿಟ್ಟು ಎದ್ದಳು. ಮೊದಲು ಗದ್ದೆಯ ಮಣ್ಣು ಘಮ್ಮೆಂದಿತು. ಆಮೇಲೆ ನೀರು ಕೆಂಪಾಗಿ ತಿರುಗಿ ಬಂತು, ಸಮುದ್ರದ ಉಬ್ಬರವೂ ಹೊಳೆಯ ಹೊಸನೀರೂ ಮುಖಾಮುಖಿ. ಮೀನು ಬೆಳ್ಳಿಯ ಹಾಗೆ ಪಳಪಳ ಹಾರಿದವು. ಒಂದು ಕಾಣಿ ನನ್ನ ಎರಡು ಕಾಲಿನ ಮಧ್ಯದಿಂದ ನುಸುಳಿ ಹೋಯಿತು, ಹಿಂದಿನಿಂದ ಬಗ್ಗಿ ಹಿಡಿಯಲು ಹೋಗಿ ಬಿದ್ದೆ. ಎಲ್ಲರೂ ನಕ್ಕರು. ಚಂದಯ್ಯನ ಹೆಂಡತಿಯ ಬೆರಳಿಗೆ ಏಡಿ ಕಚ್ಚಿ ಬೊಬ್ಬೆಯೋ ಬೊಬ್ಬೆ.

ಸಾರು ಬಹಳ ಚೆಂದ ಆಗಿತ್ತು. ಕಳಿಸೋಣ ಅಂದರೆ ಈ ಸಲ ಒಣಗಿಸಲು ಆಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನಾಗ


ಡೊಂಬಿವಲಿ
24 ಜೂನ್ 2024

ಅಣ್ಣ,

ಮೇ ತಿಂಗಳಲ್ಲಿ ನೀನು ಎರಡು ಸಾಲು ಬರೆದೆ. "ಮಾಡಿನ ಕೆಲಸ ಆಗಲಿಲ್ಲ, ಈ ವರ್ಷವೂ ಬೇಡ, ಬಪ್ಪ ವರ್ಷ ಬಾ." ಓದಿ ಮಡಚಿಟ್ಟೆ. ಏನೂ ಬರೆಯಬಾರದು ಅಂದುಕೊಂಡಿದ್ದೆ.

ಮೊನ್ನೆ ಚಂದಯ್ಯ ಬಸ್ಸು ನಿಲ್ಲಿಸಿ ಮನೆಗೆ ಬಂದಿದ್ದ. ಮಾತಿಗೆ ಮಾತು ಬಂತು. "ನಾಗಣ್ಣನ್ ಮನೆಗೆ ಯಾವ್ದೋ ಆಫೀಸಿನ್ ಮೇಡಂ ಬಂದ್ ಉಳ್ಕಂಡಿತ್ ಅಲ್ದಾ, ಒಂದ್ ವಾರ ಆಯ್ತ್, ಒಳಕೋಣಿಯಂಗೇ ಮಲ್ಕಂತ್ರ್. ಗುಲಾಬಕ್ಕ ಹೊಸ ಚಾಪಿ ತಕಂಡ್ ಬಂದಿರ್" ಎಂದ. ನಾನು ಚಹಾ ಸೋಸುತ್ತಿದ್ದೆ. ಅವನಿಗೆ ಏನೂ ಗೊತ್ತಾಗಲು ಬಿಡಲಿಲ್ಲ.

ಯಾರೋ ಆಫೀಸಿನವಳಿಗೆ ಸೋರದ ಮಾಡು ನನಗೆ ಮಾತ್ರ ಸೋರುತ್ತದಾ ಅಣ್ಣ? ಅಮ್ಮ ಪ್ರಾಣ ಬಿಟ್ಟ ಕೋಣೆ ಅದು. ಅತ್ತಿಗೆಗೆ ನಾನು ಬರುವುದು ಇಷ್ಟ ಇಲ್ಲದಿದ್ದರೆ ಹಾಗೆ ಹೇಳಬಹುದಿತ್ತು. ಪಾಲು ಕೇಳಲು ಬರುತ್ತಾಳೆ ಅಂತ ಹೆದರಿಕೆಯಾ? ಒಂದು ಹಂಚೂ ನನಗೆ ಬೇಡ. ಒಂದು ಸಲ ನೀರಿಗೆ ಇಳಿಯಬೇಕಿತ್ತು, ಅಷ್ಟೇ.

ಇನ್ನು ಕೇಳುವುದಿಲ್ಲ. ಕೇಳುವಷ್ಟು ಸಮಯವೂ ನನಗಿಲ್ಲ.

ಜಲಜ


ನಾವುಂದ
8 ಜುಲೈ 2024

ಜಲಜ, ನನ್ನ ತಂಗೀ,

ನಿನ್ನ ಪತ್ರ ಓದಿ ಗುಲಾಬಿ ಒಲೆ ಮುಂದೆ ಕೂತು ಅತ್ತಳು. "ಅವ್ಳಿಗ್ ಇವತ್ತೇ ಎಲ್ಲ ಬರೀರಿ. ನೀವ್ ಹೇಳ್ದೆ ಹೇಳ್ದೆ ಇಟ್ಕಂಡ್ ಎಂತ ಸಾಧ್ಸಿದ್ರಿ?" ಎಂದಳು. ಅವಳ ಮೇಲೆ ತಪ್ಪು ಹೊರಿಸಬೇಡ. ಅವಳು ಮೊದಲಿನಿಂದ ಕರೆಸಿ ಅಂತಲೇ ಇದ್ದಳು.

ಹೊಳೆ ಸತ್ತಿದೆ ಜಲಜ. ಅದಕ್ಕೇ ಬೇಡ ಅಂದದ್ದು.

ಆ ಮೊದಲ ವರ್ಷ ಮೀನು ಏರಿ ಬಂದದ್ದಲ್ಲ. ಉಸಿರು ಕಟ್ಟಿ ದಡಕ್ಕೆ ಓಡಿ ಬಂದದ್ದು. ಫ್ಯಾಕ್ಟರಿಯವರು ಬೇಸಿಗೆ ಇಡೀ ಸಿಪ್ಪೆ, ಬೂದಿ, ಸೊನೆ ಎಲ್ಲ ಅಂಗಳದಲ್ಲೇ ಬಿಡುತ್ತಾರೆ, ಮೊದಲ ಮಳೆ ಅದನ್ನು ತೊಳೆದು ಚರಂಡಿಯಲ್ಲಿ ಹೊಳೆಗೆ ತರುತ್ತದೆ. ನಮಗೆ ಹೊಸನೀರು, ಮೀನಿಗೆ ವಿಷ. ನಾವು ಹುಚ್ಚರು ಅದನ್ನು ಹಬ್ಬ ಅಂದುಕೊಂಡು ಕೇಕೆ ಹಾಕಿದೆವು. ಅವು ಒದ್ದಾಡಲಿಲ್ಲ ಅಂತ ನಾನೇ ಹೆಮ್ಮೆಯಿಂದ ಬರೆದಿದ್ದೆ. ಐವತ್ತು ವರ್ಷ ನೀರಲ್ಲಿ ಬಾಳಿದವನಿಗೆ ಅಷ್ಟೂ ತಿಳಿಯಲಿಲ್ಲ.

ಹೋದ ವರ್ಷ ನಾನು ಬರೆದು ಕಳಿಸಿದ್ದು ಸುಳ್ಳು. ಯಾರೂ ಹೊಳೆಗೆ ಇಳಿಯಲೇ ಇಲ್ಲ. ನೀರಿನ ಮೇಲೆ ಎಣ್ಣೆ ಹರಡಿತ್ತು. ಸತ್ತ ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಮರಳಲ್ಲಿ ಬಿದ್ದಿದ್ದವು. ನಾನು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಆಫೀಸಿಗೆ ಹೋದೆ. ಆಗುವುದಿಲ್ಲ ಎಂದರು. ಮಳೆ ಬೀಳುತ್ತಿರುವಾಗಲೇ, ಚರಂಡಿ ಹೊಳೆಗೆ ಬೀಳುವ ಬಾಯಲ್ಲೇ, ಅವರೇ ಬಂದು ಹಿಡಿದು ಮೊಹರು ಮಾಡಿದ ನೀರು ಮಾತ್ರ ಲೆಕ್ಕಕ್ಕೆ. ಅವರು ಅಷ್ಟು ದೂರದಿಂದ ಬರುವಷ್ಟರಲ್ಲಿ ಮಳೆ ನಿಂತು ಎಲ್ಲ ತೊಳೆದುಹೋಗಿರುತ್ತದೆ. ಚರಂಡಿ ಒಣಗಿದ ಮೇಲೆ ನೋಡಿದರೆ ಯಾರಿಗೂ ಏನೂ ಕಾಣುವುದಿಲ್ಲ.

ಈ ವರ್ಷ ಆ ಆಫೀಸಿಗೆ ಸಿಂಚನಾ ಅಂತ ಹೊಸ ಮೇಡಂ ಬಂದರು, ನಮ್ಮ ಮೋಕ್ಷಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳು ಇರಬಹುದು. "ನಾಗಣ್ಣ, ಮಳೆ ನಮ್ಮನ್ನು ಕಾಯುವುದಿಲ್ಲ, ನಾವೇ ಮಳೆಯನ್ನು ಕಾಯೋಣ" ಎಂದು ಚೀಲ ಹಿಡಿದು ಬಂದರು. ಬೈಂದೂರಿನಲ್ಲಿ ರೂಮು ಮಾಡಿದರೆ ಮಳೆ ಶುರುವಾದ ಮೇಲೆ ತಲುಪಲು ತಡ. ಅದಕ್ಕೆ ಒಳಕೋಣೆಯಲ್ಲಿ ಮಲಗಿದರು. ಸಿಕ್ಕಿತು ಜಲಜ, ಮಳೆಯ ಮೊದಲ ಕಪ್ಪು ನೀರೇ ಸಿಕ್ಕಿತು! ಮಳೆಯಲ್ಲೇ ನಿಂತು ಬಾಟಲಿಗೆ ಮೊಹರು ಹಾಕಿದರು.

ಊರಿನಲ್ಲಿ ಅರ್ಧಕ್ಕರ್ಧ ಹೆಂಗಸರು ಈಗ ನಮ್ಮ ಹತ್ತಿರ ಮಾತಾಡುವುದಿಲ್ಲ. ಅವರೆಲ್ಲ ಅಲ್ಲೇ ಬೀಜ ಸುಲಿಯುವವರು. "ನಿಮ್ ಮೀನಿಗಾಯಿ ನಮ್ ಒಲಿ ಆರ್ಸ್ತ್ರಿಯಾ?" ಎಂದು ಚಂದಯ್ಯನ ಹೆಂಡತಿಯೇ ಬೀದಿಯಲ್ಲಿ ಕೇಳಿದಳು. ಗುಲಾಬಿಯೂ ಅಲ್ಲಿಗೆ ಹೋಗುತ್ತಿದ್ದಳು, ಅವಳಿಗೆ ನಾಳೆಯಿಂದ ಬರಬೇಡ ಅಂದರು. ಫ್ಯಾಕ್ಟರಿ ಮುಚ್ಚಲಿ ಅಂತ ನಾನು ಯಾವಾಗ ಹೇಳಿದೆ? ಅಂಗಳಕ್ಕೆ ಮಾಡು ಹಾಕಿ, ಮೊದಲ ಮಳೆಯ ನೀರನ್ನು ಹೊಂಡದಲ್ಲಿ ಹಿಡಿದಿಡಿ ಅಂತ, ಅಷ್ಟೇ. ಆರ್ಡರೂ ಹಾಗೇ ಬರುತ್ತದೆ ಎಂದಿದ್ದಾರೆ ಮೇಡಂ.

ನಿನಗೆ ಆ ಹೊಳೆ ತೋರಿಸಲು ನನ್ನಿಂದ ಆಗಲಿಲ್ಲ. ನೀನು ಮನಸ್ಸಲ್ಲಿ ಇಟ್ಟುಕೊಂಡ ಹೊಳೆಯಾದರೂ ಇರಲಿ ಅಂದುಕೊಂಡೆ. ನೀರು ಸರಿಯಾಗಲಿ, ಆಮೇಲೆ ಕರೆಯೋಣ ಅಂತ ವರ್ಷ ವರ್ಷ ತಳ್ಳಿದೆ.

ಸಮಯ ಇಲ್ಲ ಅಂತ ಬರೆದಿದ್ದೀಯ. ಎಂತ ಮಾತು ಅದು? ಎಂತಾಯಿತು ಅಂತ ಬರೆ. ಹೊಳೆ ಹೇಗಾದರೂ ಇರಲಿ, ಹೊರಟು ಬಾ. ನಾಳೆಯೇ ಬಾ. ಮಾಡಿನ ವಿಷಯ ಎದುರೆದುರೇ ಹೇಳುತ್ತೇನೆ.

ನಿನ್ನ ಅಣ್ಣ


ಡೊಂಬಿವಲಿ
11 ಆಗಸ್ಟ್ 2024

ಮಾವ,

ಅಮ್ಮ ಕಲಿಸಿದ ಕನ್ನಡ, ತಪ್ಪಿದ್ದರೆ ಕ್ಷಮಿಸಿ.

ಅಮ್ಮನಿಗೆ ತೀರಾ ಜೋರಾಗಿದೆ ಅಂತ ನಾನು ಅತ್ತೆಗೆ ಫೋನು ಮಾಡಿದ ದಿನ ಗುಡ್ಡ ಕುಸಿದು ರೈಲು ನಿಂತಿತ್ತು. ನೀವು ಬಸ್ಸು ಬದಲಿಸಿ ಬದಲಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀವು ಮೂಲೆಯಲ್ಲಿ ಕೂತು ಅಮ್ಮನ ಚಪ್ಪಲಿ ನೋಡುತ್ತಿದ್ದಿರಿ. ನಾನು ಬೇಕೆಂದೇ ನಿಮ್ಮ ಹತ್ತಿರ ಮಾತಾಡಲಿಲ್ಲ. ಅಮ್ಮನನ್ನು ಬೇಡ ಅಂದವರು ಅಂತ ಸಿಟ್ಟು.

ನೀವು ವಾಪಸು ಹೋದ ಮೇಲೆ ನಿಮ್ಮ ಪತ್ರ ಬಂತು. ಮಳೆಯಲ್ಲಿ ನೆಂದು, ಒಣಗಿ. ಅದನ್ನು ನಾನು ಅಮ್ಮನ ಫೋಟೋದ ಮುಂದೆ ಗಟ್ಟಿಯಾಗಿ ಓದಿದೆ. ಪಪ್ಪ ಎದ್ದು ಹೊರಗೆ ಹೋದರು.

ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದದ್ದು 2022ರ ಡಿಸೆಂಬರಿನಲ್ಲಿ. ಕೂದಲು ಗಿಡ್ಡ ಮಾಡಿಸಿದ್ದಲ್ಲ, ಉದುರಿದ್ದು. ನಿಮಗೆ ಹೇಳೋಣ ಅಂದರೆ ಬಿಡಲಿಲ್ಲ. "ಅಣ್ಣಂಗೆ ಹೇಳ್ರೆ ಅಲ್ಲಿ ದೋಣಿ ಬಿಟ್ಟ್ ಇಲ್ಲಿ ಬಂದ್ ಕೂಕಂತ. ಹೊಸನೀರಿಗೆ ನಾನೇ ಹೋಯಿ ಎದ್ರೆದ್ರೇ ಹೇಳ್ತೆ" ಎನ್ನುತ್ತಿದ್ದಳು. ನೀವು ಬರೆದ ಆ ಸುಳ್ಳು ಪತ್ರವನ್ನು, ಕಾಣಿ ಹಿಡಿಯಲು ಹೋಗಿ ಬಿದ್ದದ್ದು, ಕೀಮೋಗೆ ಹೋಗುವಾಗಲೆಲ್ಲ ಪರ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಸೂಜಿ ಚುಚ್ಚುವಾಗ ಓದಿ ನಗುತ್ತಿದ್ದಳು. ನರ್ಸ್‌ಗಳಿಗೂ ಹಿಂದಿಯಲ್ಲಿ ಹೇಳಿ ನಗಿಸಿದ್ದಳು. ಅದಕ್ಕಾಗಿ ನಾನು ನಿಮ್ಮನ್ನು ಪೂರ್ತಿ ಬೈಯಲಾರೆ.

ಪಪ್ಪ ಅಸ್ಥಿಯನ್ನು ನಾಸಿಕಕ್ಕೆ ಒಯ್ದರು. ಒಂದು ಸಣ್ಣ ಕುಡಿಕೆಯಷ್ಟು ನಾನು ತೆಗೆದಿಟ್ಟುಕೊಂಡಿದ್ದೇನೆ. ಹೊಸನೀರಿಗೆ ಬಿಡು ಎಂದಿದ್ದಳು. ಈಗ ತರಲಾ ಮಾವ? ನೀಲಿ ಟರ್ಪಾಲು ಕೂಡ ಇಲ್ಲೇ ಇದೆ. ಕೊನೆಯ ವಾರ ಸಿಟ್ಟಲ್ಲಿದ್ದಾಗಲೂ ಕೇಳುತ್ತಿದ್ದಳು, "ಅಲ್ಲಿ ಮಳಿ ಜೋರಿತ್ತಂಬ್ರ್, ಅಣ್ಣನ ಮನಿ ಮಾಡ್ ಎಂತಾಯ್ತೋ" ಅಂತ. ಅದನ್ನೂ ತರಲಾ?

ಮೋಕ್ಷಿತಾ


ನಾವುಂದ
29 ಆಗಸ್ಟ್ 2024

ಮಗ,

ಈಗ ತರಬೇಡ.

ಮತ್ತೆ ಬೇಡ ಅಂತಿದ್ದಾನೆ ಅಂತ ಸಿಟ್ಟು ಬರುತ್ತದೆ, ಬರಲಿ. ಆ ನೀರಿಗೆ ಅವಳನ್ನು ಬಿಡಲು ನನ್ನಿಂದ ಸಾಧ್ಯವಿಲ್ಲ. ಅವಳ ನಾಲಿಗೆ ಒಂದು ಸಲ ಅದರಲ್ಲಿ ಸುಟ್ಟಿದೆ, ಸಾಕು.

ಒಂದು ಮಳೆಗಾಲ ಕಾಯಿ. ನಾನೇ ಬರೆಯುತ್ತೇನೆ.

ಮಾವ


ನಾವುಂದ
9 ಜೂನ್ 2025

ಮಗ ಮೋಕ್ಷಿತಾ,

ಈ ಬೇಸಿಗೆಯಲ್ಲಿ ಫ್ಯಾಕ್ಟರಿಯ ಅಂಗಳಕ್ಕೆ ತಗಡಿನ ಮಾಡು ಹಾಕಿದರು. ಪಕ್ಕದಲ್ಲಿ ದೊಡ್ಡ ಹೊಂಡ ತೋಡಿ ಸಿಮೆಂಟು ಬಳಿದರು. ಮೊದಲ ಮಳೆಯ ನೀರು ಅಲ್ಲೇ ನಿಲ್ಲಬೇಕು, ಪರೀಕ್ಷೆ ಮಾಡದೆ ಹೊಳೆಗೆ ಬಿಡುವ ಹಾಗಿಲ್ಲ ಅಂತ ಆರ್ಡರು. ಸಿಂಚನಾ ಮೇಡಂ ಬಂದು ನೋಡಿ ಹೋದರು. ಫ್ಯಾಕ್ಟರಿ ಮುಚ್ಚಲಿಲ್ಲ. ಚಂದಯ್ಯನ ಹೆಂಡತಿ ಮೊನ್ನೆ ಗುಲಾಬಿಗೆ ಹಲಸಿನಕಾಯಿ ತಂದುಕೊಟ್ಟಳು.

ನಿನ್ನೆ ಹೊಸನೀರು ಬಂತು. ಗುಲಾಬಿ ಎಬ್ಬಿಸಬೇಕಾಗಲಿಲ್ಲ, ನಾನು ಬೆಳಿಗ್ಗೆಯಿಂದ ದಡದಲ್ಲೇ ಕೂತಿದ್ದೆ. ನೀರು ಕೆಂಪಾಗಿ ಬಂತು. ಮಣ್ಣಿನ ಕೆಂಪು, ಬೇರೆ ಬಣ್ಣ ಇರಲಿಲ್ಲ. ಬಹಳ ಹೊತ್ತು ಎಂತದೂ ಕಾಣಲಿಲ್ಲ. ಚಿಪ್ಪು ಇನ್ನೂ ಇಲ್ಲ, ಅದು ನನ್ನ ಕಾಲದಲ್ಲಿ ಬರುತ್ತದೋ ಇಲ್ಲವೋ. ಆಮೇಲೆ ಗದ್ದೆಯ ಬದುವಿನ ಹತ್ತಿರ ಒಂದು ಸಣ್ಣ ಕಾಣಿ ಅಲುಗಿತು. ಹಿಡಿಯಲು ಹೋದೆ, ತಪ್ಪಿಸಿಕೊಂಡಿತು. ಮತ್ತೆ ಹೋದೆ, ಮೊಣಕಾಲೂರಿ ಬಿದ್ದೆ. ಸುಳ್ಳು ಬರೆದಿದ್ದೆನಲ್ಲ, ಹಾಗೇ ಬಿದ್ದೆ. ಕೊನೆಗೆ ಕೈಗೆ ಸಿಕ್ಕಿತು. ಎಂತಹ ಒದ್ದಾಟ ಮಗ! ಎರಡು ಕೈಯಲ್ಲಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದೆ. ಬರೀ ಮೀನಿನ ವಾಸನೆ.

ಮೊದಲ ಮೀನು ತಂಗಿಯ ಮನೆಗೆ. ಯಾವ ಬಸ್ಸಿಗೆ ಕೊಡಲಿ? ನೀರಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಅದನ್ನು ಅಲ್ಲೇ ಬಿಟ್ಟೆ.

ಇನ್ನು ಬಾ. ಅವಳನ್ನೂ ಕರೆದುಕೊಂಡು ಬಾ. ಈಗ ಬಪ್ಪುಕೆ ಅಡ್ಡಿಲ್ಲ. ಗುಲಾಬಿ ಒಳಕೋಣೆ ಗುಡಿಸಿ ಹೊಸ ಚಾಪೆ ಹಾಸಿದ್ದಾಳೆ.

ಟರ್ಪಾಲು ತರಬೇಡ. ಆ ಕೋಣೆಯ ಮಾಡು ಯಾವತ್ತೂ ಸೋರುತ್ತಿರಲಿಲ್ಲ ಮಗ.

ನಿನ್ನ ಮಾವ
ನಾಗ